ಅತ್ತೆಯ ಕೀ, ಅಳಿಯನ ಕೀ

"ಸತ್ತೆ," ಎಂದ ಅಳಿಯ.

"ಹಾಗಾದ್ರೆ ಏಳಿ," ಎಂದಳು ಅತ್ತೆ.

ಸತ್ತವನು ಮತ್ತೆ ಎದ್ದು ಬರಲು ಆ ಕಂಪ್ಯೂಟರ್ ಆಟದಲ್ಲಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಅಳಿಯ ಪರದೆಯ ಮೇಲೆ ಗುಂಡು ಹೊಡೆಯುವ ಗನ್ನರ್ ಪಾತ್ರ ಬಿಟ್ಟು ಗಾಯಾಳುಗಳಿಗೆ ಔಷಧ ಕೊಡುವ ಮೆಡಿಕ್ ಪಾತ್ರ ಒತ್ತಬೇಕು, ಹೆಡ್‌ಫೋನಿನ ವಯರಿನಲ್ಲಿದ್ದ ಮೈಕಿನ ಸ್ವಿಚ್ಚು ಬಂದ್ ಮಾಡಬೇಕು, ಅದನ್ನು ತಲೆಯಿಂದ ತೆಗೆದು ಅತ್ತೆಗೆ ಕೊಟ್ಟು ಕುರ್ಚಿ ಬಿಡಬೇಕು. ಅತ್ತೆ ಒಲೆಯ ಉರಿ ಸಣ್ಣದು ಮಾಡಿ, ಕೈ ಒರೆಸಿಕೊಂಡು ಬಂದು ಕೂತು, ಮೌಸನ್ನು ಬಲಗಡೆಯಿಂದ ಎಡಗಡೆಗೆ ದಾಟಿಸಿಕೊಳ್ಳಬೇಕು. ಅವಳು ಎಡಚಿ. ಬಲಗೈ ಬಾಣದ ಗುರುತಿನ ಕೀಗಳ ಮೇಲೆ. ಒಂದೇ ಬಚ್ಚಲಿರುವ ಮನೆಯವರು ಬೆಳಿಗ್ಗೆ ಸರದಿ ಬದಲಿಸುವ ಹಾಗೆ ಇಬ್ಬರೂ ಹೆಚ್ಚು ಮಾತಿಲ್ಲದೆ ಬದಲಾಗುತ್ತಿದ್ದರು.

ಕೀಗಳನ್ನು ಮಾತ್ರ ಯಾರೂ ಬದಲಿಸಬೇಕಾಗಿರಲಿಲ್ಲ, ಅವು ತಾವೇ ಬದಲಾಗುತ್ತಿದ್ದವು. ಗನ್ನರ್ ಆಗಿದ್ದಷ್ಟು ಹೊತ್ತು ಕೀಬೋರ್ಡ್ ಅಳಿಯನದು. ಮೆಡಿಕ್ ಎಂದು ಒತ್ತಿದ ಗಳಿಗೆಯಿಂದ ಅದೇ ಕೀಬೋರ್ಡ್ ಅತ್ತೆಯದು. ನಡೆಯುವ ಕೀ, ಓಡುವ ಕೀ, ಔಷಧದ ಬೆಳಕು ಬಿಡುವ ಗುಂಡಿ, ಎಲ್ಲವೂ ಅವಳ ಎಡಗೈಗೆ ಬಲಗೈಗೆ ಸರಿಯಾಗಿ ಬಂದು ಕೂರುತ್ತಿದ್ದವು. ಆಚೆ ಬದಿಯಲ್ಲಿ, ಬೇರೆ ಬೇರೆ ಮನೆಗಳಲ್ಲಿ ಕೂತು ಜೊತೆಗೆ ಆಡುತ್ತಿದ್ದ ತಂಡದವರಿಗೆ ಕಾಣುತ್ತಿದ್ದದ್ದು ಒಬ್ಬನೇ ಆಟಗಾರ. ಅಳಿಯ ಬೇಕರಿಯವನಾದ್ದರಿಂದ ಅವರು ಅವನನ್ನು ಬನ್ನು ಎಂದು ಕರೆಯುತ್ತಿದ್ದರು. ಬನ್ನು ಗನ್ ಹಿಡಿದಾಗ ಹರಟೆಮಲ್ಲ, ಮೆಡಿಕ್ ಆದಾಗ ಮೌನಿ. ಔಷಧ ಕೊಡುವಾಗ ನನಗೆ ಮಾತು ಬರಲ್ಲ ಎಂದು ಅವನೇ ಹೇಳಿಕೊಂಡಿದ್ದ. ಅವರು ನಂಬಿದ್ದರು.

"ಎಡಗಡೆ ಅತ್ತೆ, ಎಡಗಡೆ," ಎಂದ ಅಳಿಯ, ಕುರ್ಚಿಯ ಹಿಂದೆ ನಿಂತು ರಬ್ಬರ್ ಚೆಂಡು ಹಿಸುಕುತ್ತ.

"ನನ್ನ ಎಡಗಡೆನೋ ನಿಮ್ಮ ಎಡಗಡೆನೋ?"

"ಎಲ್ಲರಿಗೂ ಎಡಗಡೆ ಒಂದೇ ಅಲ್ವಾ ಅತ್ತೆ?"

"ಎಡಚಿಗೆ ಕೇಳಿ ನೋಡಿ. ಸುಮ್ನೆ ನಿಂತ್ಕೊಳ್ಳಿ, ನಾನು ನೋಡಿದ್ದೀನಿ ಅವನನ್ನ."

ಅವಳು ನೋಡಿದ್ದಳು. ಮುರಿದ ಗೋಡೆಯ ಹಿಂದೆ ತಂಡದ ನಾಯಕ ಗುಂಡು ತಿಂದು ಮುಗ್ಗರಿಸುತ್ತಿದ್ದ. ಅವನ ಬೆನ್ನಿಗೆ ಹಸಿರು ಬೆಳಕಿನ ದಾರ ಬಿಟ್ಟಳು. ಅವನು ನೆಟ್ಟಗಾಗಿ ಮುಂದೆ ನಡೆದ. ಅವಳು ಹಿಂದೆ ನಡೆದಳು. ಒಳಗೆ ಅನ್ನ ಬೇಯುತ್ತಿತ್ತು.

ಅಳಿಯನ ಎಡಗೈಯನ್ನು ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರ ಎಳೆದುಕೊಂಡಿತ್ತು. ಮೂಳೆ ಕೂಡಿತು, ಗಾಯ ಮಾಯಿತು, ಆದರೆ ನಡುವಿನ ಎರಡು ಬೆರಳು ಮಡಚುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಮಣಿಕಟ್ಟು ಕೈಕೊಡುತ್ತಿತ್ತು. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನ ಹೋದರೆ ಅಂಗಡಿ ಮುಚ್ಚುವವರೆಗೂ ಬರುವ ಹಾಗಿಲ್ಲ. ಅಳಿಯನಿಗೆ ಊಟಕ್ಕಿಕ್ಕಿ, ಬಿಸಿನೀರಲ್ಲಿ ಕೈ ಅದ್ದಿಸಿ, ಬೆರಳು ಎಳೆದು ಬಿಡುವುದಕ್ಕೆ ಯಾರಾದರೂ ಬೇಕಿತ್ತು. ಹಾಗೆ ಬಂದವಳು ಅತ್ತೆ. ಒಂದು ಚೀಲ ಬಟ್ಟೆ ತಂದಿದ್ದಳು. ಅವೇ ಬಟ್ಟೆಗಳನ್ನು ಒಗೆದು ಒಗೆದು ಉಟ್ಟು ಈಗ ಬಣ್ಣ ಮಾಸಿತ್ತು.

ಅವಳದು ಶರ್ಟು ಹೊಲಿಯುವ ಕಾರ್ಖಾನೆ. ಅದರಲ್ಲೂ ಕಾಲರಿನ ಕೆಲಸ. ತನ್ನ ಮಷೀನು, ತನ್ನ ಕಿಟಕಿ, ಒಂದು ಬಾಡಿಗೆ ಕೋಣೆ, ಅದರಲ್ಲಿ ಯಾರ ಅಪ್ಪಣೆಯೂ ಬೇಡದ ಒಂದು ಮಂಚ. ಮಗಳ ಮನೆಯಲ್ಲಿ ಅವಳ ಹಾಸಿಗೆ ಹಾಸಬೇಕಾದ ಜಾಗದಲ್ಲಿ ಕಂಪ್ಯೂಟರಿನ ಮೇಜು. ಆಟ ಮುಗಿದು ಕುರ್ಚಿ ಸರಿಸುವವರೆಗೆ ಬೆನ್ನು ಚಾಚುವ ಹಾಗಿರಲಿಲ್ಲ. ಮಲಗಬೇಕೆಂದರೆ ಆಟ ಬೇಗ ಮುಗಿಯಬೇಕು, ಆಟ ಬೇಗ ಮುಗಿಯಬೇಕೆಂದರೆ ಚೆನ್ನಾಗಿ ಆಡಬೇಕು. ಅವಳು ಚೆನ್ನಾಗಿ ಆಡಲು ಕಲಿತದ್ದು ಮೊದಲು ಈ ಲೆಕ್ಕಾಚಾರದಲ್ಲೇ.

ಶುರುವಾದದ್ದು ಸುಮ್ಮನೆ. ಒಂದು ಸಂಜೆ ಆಟದ ನಡುವೆ ಅಳಿಯನ ಮಣಿಕಟ್ಟು ಹಿಡಿದುಕೊಂಡಿತು. "ಅತ್ತೆ, ಒಂಚೂರು ಇದನ್ನ ಹಿಡ್ಕೊಳ್ಳಿ, ಇವನ ಹಿಂದೆನೇ ಹೋಗ್ತಾ ಇರಿ ಸಾಕು," ಎಂದ, ಹಾಲು ಉಕ್ಕದ ಹಾಗೆ ನೋಡಿಕೊಳ್ಳಿ ಎನ್ನುವ ಹಾಗೆ. ಅವಳು ಹಿಡಿದುಕೊಂಡಳು. ಆದರೆ ಅವನ ಕೀಗಳು ಅವನ ಹೆಬ್ಬೆರಳಿಗೂ ಕಿರುಬೆರಳಿಗೂ ಹೊಂದಿಸಿಟ್ಟವು, ಅವಳಿಗೆ ತಾಳೆಯಾಗಲಿಲ್ಲ. ಗೋಡೆಗೆ ಮುಖ ಹಾಕಿಕೊಂಡು ನಿಂತುಬಿಟ್ಟಳು. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ ಅಳಿಯನ ತಮ್ಮ ಬಂದು, ಯಾವ ಕೀ ಏನು ಮಾಡಬೇಕೆಂದು ಹೇಳುವ ಎರಡು ಚಿಕ್ಕ ಫೈಲು ಬರೆದುಕೊಟ್ಟ. ಒಂದು ಅಣ್ಣನದು, ಒಂದು ಅತ್ತೆಯದು. ಪಾತ್ರ ಬದಲಾದರೆ ಫೈಲು ತಾನೇ ಬದಲು.

ಮೊದಲ ದಿನವೇ ಎಡವಟ್ಟಾಯಿತು. ಅಳಿಯನ ಫೈಲಿನಲ್ಲಿ ಬಗ್ಗಿ ಕೂರುವುದಕ್ಕೆ ಒಂದು ಕೀ ಇತ್ತು. ಒಮ್ಮೆ ಒತ್ತಿದರೆ ಕೂತೇ ಇರುವುದು, ಮತ್ತೆ ಒತ್ತಿದರೆ ಏಳುವುದು. ಗನ್ನರ್ ಕೂತಿದ್ದ ಭಂಗಿಯಲ್ಲೇ ಸತ್ತ. ಮೆಡಿಕ್ ಅದೇ ಭಂಗಿಯಲ್ಲೇ ಹುಟ್ಟಿದ. ಎಬ್ಬಿಸಲು ಅತ್ತೆಯ ಫೈಲಿನಲ್ಲಿ ಕೀ ಇರಲಿಲ್ಲ. ಇಡೀ ಯುದ್ಧಭೂಮಿಯನ್ನು ಅವಳು ಕುಕ್ಕರಗಾಲಿನಲ್ಲೇ ದಾಟಿದಳು.

"ಏನೋ ಬನ್ನು, ಬಾತುಕೋಳಿ ಥರ ಬರ್ತಿದ್ದೀಯ?" ಎಂದು ನಾಯಕ ನಕ್ಕಿದ್ದು ಹೆಡ್‌ಫೋನಿನಲ್ಲಿ ಅವಳಿಗೆ ಕೇಳಿತು.

ತಮ್ಮ ಮತ್ತೆ ಬಂದು ಸರಿ ಮಾಡಿದ. "ಫೈಲಲ್ಲಿ ಹೇಳದೆ ಬಿಟ್ಟಿದ್ದೆಲ್ಲ ಹಿಂದೆ ಹೇಗಿತ್ತೋ ಹಾಗೇ ಉಳ್ಕೊಂಡುಬಿಡುತ್ತೆ ಅತ್ತೆ. ನನಗೆ ಹೊಳೀಲಿಲ್ಲ."

"ಮನೆಗೆಲಸಾನೂ ಹಾಗೇ ಕಣಪ್ಪ. ಹೇಳದೆ ಬಿಟ್ಟಿದ್ದು ಹಾಗೇ ಬಿದ್ದಿರುತ್ತೆ," ಎಂದು ಅವಳು ಅವನ ಮುಂದೆ ಟೀ ಲೋಟ ಇಟ್ಟಳು.

ಆಮೇಲೆ ಕೈ ಕುದುರಿತು. ಕಾಲರ್ ಹೊಲಿಯುವವಳು ಸೂಜಿಯನ್ನು ನೋಡುತ್ತ ಕೂರುವುದಿಲ್ಲ, ಸೂಜಿಯ ಮುಂದೆ ಬರಲಿರುವ ಬಟ್ಟೆಯನ್ನು ನೋಡುತ್ತಾಳೆ. ಆಟದಲ್ಲೂ ಅವಳು ಶತ್ರುವನ್ನು ಹುಡುಕಲಿಲ್ಲ. ತನ್ನವನು ಮುಂದೆ ಎಲ್ಲಿ ಕಾಲಿಡುತ್ತಾನೋ ಅಲ್ಲಿಗೆ ಒಂದು ಹೆಜ್ಜೆ ಮೊದಲೇ ಹೋಗಿ ನಿಲ್ಲುತ್ತಿದ್ದಳು. ತಂಡ ಗೆಲ್ಲತೊಡಗಿತು. ಶನಿವಾರದ ಲೀಗಿನಲ್ಲಿ, ಬಸ್ ಡಿಪೋದವರು, ಅಡುಗೆಯವರು, ಕಚೇರಿ ಗುಮಾಸ್ತರು ಕಟ್ಟಿಕೊಂಡ ತಂಡಗಳ ನಡುವೆ, ಒಂದೊಂದೇ ಸುತ್ತು ದಾಟಿತು. ಬಹುಮಾನ ಏನೂ ಇಲ್ಲ. ಗೆದ್ದ ತಂಡದ ಹೆಸರು ಒಂದು ಪುಟದಲ್ಲಿ ಮೇಲೆ ಬರುತ್ತದೆ, ಅಷ್ಟೇ.

ಅಳಿಯನಿಗೆ ಅಷ್ಟೇ ಸಾಕಾಗಿತ್ತು. ಬೇಕರಿಯ ಯಜಮಾನ ಬನ್ನಿಗೆ ಕವರ್ ಹಾಕುವ ಮೇಜಿನ ಹತ್ತಿರ ಜಾಗ ಕೊಡುತ್ತೇನೆ ಎಂದಿದ್ದ. ಇವನು ಹೋಗಿರಲಿಲ್ಲ. ದಿನವಿಡೀ ಗೋಡೆ ನೋಡಿಕೊಂಡು ಇರುತ್ತಿದ್ದವನು ಸಂಜೆಯಾದರೆ ಕ್ಷೌರ ಮಾಡಿಕೊಂಡು ಕುರ್ಚಿಗೆ ಬರುತ್ತಿದ್ದ, ಯಾರೋ ಎದುರಿಗೆ ಕೂತು ನೋಡುತ್ತಾರೆ ಎನ್ನುವ ಹಾಗೆ.

ಆ ವಾರ ಕಾರ್ಖಾನೆಯ ಮೇಲ್ವಿಚಾರಕಿ ಫೋನ್ ಮಾಡಿದಳು. "ಅಕ್ಕಾ, ನಿಮ್ಮ ಮಷೀನಲ್ಲಿ ಬೇರೆ ಹುಡುಗಿ ಕೂತಿದ್ದಾಳೆ. ಸೋಮವಾರ ನೀವು ಬಂದ್ರೆ ಅವಳನ್ನ ಎಬ್ಬಿಸ್ತೀನಿ. ಆಮೇಲೆ ಬಂದ್ರೆ ನನ್ನ ಕೈಲಿಲ್ಲ."

"ಬರ್ತೀನಿ," ಎಂದಳು ಅತ್ತೆ.

ಅಂದೇ ಸಂಜೆ ಅಳಿಯ ಮುಖವರಳಿಸಿಕೊಂಡು ಹೇಳಿದ: "ಶನಿವಾರ ಗೆದ್ರೆ ಮುಂದಿನ ಸುತ್ತು ಅತ್ತೆ! ಇನ್ನೊಂದು ತಿಂಗಳು, ದಿನಾ ಸಂಜೆ ಆಟ. ಬನ್ನು ಈ ಸಲ ಪೂರ್ತಿ ಮೆಡಿಕ್ಕೇ ಆಡಲಿ ಅಂತ ಡಿಪೋ ಹೇಳ್ದ."

ಡಿಪೋ ಎಂದರೆ ನಾಯಕ, ಬಸ್ಸು ರಿಪೇರಿಯವನು. ಬನ್ನು ಪೂರ್ತಿ ಮೆಡಿಕ್ ಆಡಲಿ ಎಂದರೆ ಅತ್ತೆ ಪೂರ್ತಿ ಆಡಲಿ ಎಂದು. ಅಷ್ಟು ಅಳಿಯನಿಗೂ ತಿಳಿಯುತ್ತಿತ್ತು. ಆದರೂ ಅವನು ಸಂತೋಷದಿಂದಲೇ ಹೇಳಿದ. ಅವಳಿಗೆ ಸೋಮವಾರದ ಮಷೀನು ನೆನಪಾಯಿತು. ಮಾತು ಬಾಯಿಗೆ ಬಂತು, ಅವನ ಮುಖ ನೋಡಿ ನುಂಗಿಕೊಂಡಳು.

ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಮಗಳ ಹತ್ತಿರ ಹೇಳಿದಳು.

"ಹೋಗ್ತೀನಿ ಅಂತ ನೇರವಾಗಿ ಹೇಳಮ್ಮ. ನಿನ್ನ ಅಳಿಯ ತಾನೇ, ಹುಲಿಯಾ?"

"ಹುಲಿಯಾಗಿದ್ರೆ ಹೇಳ್ತಿದ್ದೆ. ಬೇಜಾರಾಗಿರೋ ಮನುಷ್ಯ."

"ಹಂಗಾದ್ರೆ ಶನಿವಾರ ಸೋತುಬಿಡು. ನೀನು ಔಷಧ ಕೊಡದೆ ಇದ್ರೆ ಆಯ್ತಲ್ಲ."

"ಕಾಲರ್ ಸೊಟ್ಟ ಹೊಲಿ ಅಂದ್ರೆ ನನ್ನ ಕೈಲಾಗುತ್ತೇನೇ?"

ಮಗಳು ಬಾಚಣಿಗೆ ಕಚ್ಚಿಕೊಂಡು ನಕ್ಕಳು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಅತ್ತೆಗೂ ಅಳಿಯಂಗೂ ಒಂದೇ ಕಾಲ, ಒಂದೇ ಕುರ್ಚಿ ಅಂತ ಯಾರೂ ಹೇಳ್ಲಿಲ್ಲ ನೋಡು." ಆಮೇಲೆ ನಗು ನಿಲ್ಲಿಸಿ, "ನಾನು ಹೇಳ್ಲಾ ಅವರಿಗೆ?" ಎಂದಳು.

"ಬೇಡ. ನೀನು ಹೇಳಿದ್ರೆ ನಾನು ಚಾಡಿ ಹೇಳ್ದಂಗಾಗುತ್ತೆ."

ಮಗಳು ಕೆಲಸಕ್ಕೆ ಹೋಗುವ ಮುಂಚೆ ಚೀಲದಿಂದ ಒಂದು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಹಳೆಯದರ ವಯರು ಹಿಂದಿನ ದಿನ ಕಿತ್ತುಹೋಗಿತ್ತು, ಇದು ಅಂಗಡಿಯ ಜೊತೆಗಾತಿ ಕೊಟ್ಟದ್ದು. ಚೆನ್ನಾಗಿಯೇ ಇತ್ತು, ಆದರೆ ವಯರಿನಲ್ಲಿ ಸ್ವಿಚ್ಚಿರಲಿಲ್ಲ.

ಅದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಅದರ ಬಗ್ಗೆ ಯೋಚಿಸಲಿಲ್ಲ. ಅಳಿಯನಿಗೆ ಮಾತಿನ ಕೀ ಒತ್ತಿ ಹಿಡಿಯಲು ಬೆರಳು ಸಾಲದೆಂದು ಅವನ ಫೈಲಿನಲ್ಲಿ ಮೈಕನ್ನು ಸದಾ ತೆರೆದಿಟ್ಟಿದ್ದರು. ಅತ್ತೆ ಮಾತಾಡುವವಳಲ್ಲವಾದ್ದರಿಂದ ಅವಳ ಫೈಲಿನಲ್ಲಿ ಮೈಕಿನ ವಿಷಯ ಬರೆದೇ ಇರಲಿಲ್ಲ. ಹೇಳದೆ ಬಿಟ್ಟದ್ದು ಹಿಂದಿನಂತೆಯೇ ಉಳಿಯಿತು.

ಆ ಸಂಜೆ ಅಭ್ಯಾಸದ ಆಟ. ಅಳಿಯ ಸತ್ತ, ಎದ್ದ, ಅತ್ತೆ ಕೂತಳು. ಬೆಳಿಗ್ಗೆಯಿಂದ ನಿಂತೇ ಇದ್ದಳು. ಬಟ್ಟೆ ಒಗೆದು, ಸಾಮಾನು ತಂದು, ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಕುಟ್ಟುತ್ತಿತ್ತು. ಕೂತ ತಕ್ಷಣ ಆ ನೋವು ಸೊಂಟಕ್ಕೆ ಏರಿತು. ನಾಯಕನ ಬೆನ್ನ ಹಿಂದೆ ನಡೆಯುತ್ತ, ಪರದೆಯಿಂದ ಕಣ್ಣು ತೆಗೆಯದೆ, ಅಳಿಯನ ಮುಖ ಕಾಣದ ಆ ಅನುಕೂಲದಲ್ಲಿ, ಹೇಳಿಯೇಬಿಟ್ಟಳು.

"ಅಳಿಯಂದ್ರೇ, ಭಾನುವಾರ ನಾನು ಹೊರಡ್ತೀನಿ. ನನ್ನ ಮಷೀನಿಗೆ ಬೇರೆಯವರನ್ನ ಹಾಕಿಬಿಡ್ತಾರೆ. ಅದೂ ಅಲ್ದೆ ನನ್ನ ಕೈಲಿ ಆಗ್ತಿಲ್ಲಪ್ಪ. ಹಗಲೆಲ್ಲ ಮನೆ ಕೆಲಸ, ಸಂಜೆ ಈ ಗಂಡಸರಿಗೆಲ್ಲ ಮುಲಾಮು. ಗೆದ್ರೂ ನಾನು ಇರಲ್ಲ. ನೀವು ಬೇಜಾರು ಮಾಡ್ಕೋಬಾರ್ದು."

ಹಿಂದೆ ಚೆಂಡು ಹಿಸುಕುವ ಸದ್ದು ನಿಂತಿತು. ಪರದೆಯ ಮೇಲೆ ನಾಯಕ ಕೂಡ ನಡುರಸ್ತೆಯಲ್ಲಿ ನಿಂತುಬಿಟ್ಟ. ನಿಂತವನಿಗೆ ಗುಂಡು ಬಿತ್ತು. ಅವಳು ಬೆಳಕಿನ ದಾರ ಬಿಟ್ಟಳು.

"ಯಾರಮ್ಮ ನೀವು?" ಎಂದಿತು ಹೆಡ್‌ಫೋನು.

ಅವಳು ಕೀಗಳ ಮೇಲಿಂದ ಕೈ ತೆಗೆದಳು.

"ಯಾರೋ ಅಜ್ಜಿ ಮಾತಾಡಿದ್ರಲ್ಲ?" ಎಂದಿತು ಇನ್ನೊಂದು ದನಿ. ಅದು ಸದಾ ಶೀತವಾದ ಹಾಗೆ ಮಾತಾಡುವ ಗುಮಾಸ್ತೆಯದು, ತಂಡದಲ್ಲಿ ಅವಳ ಹೆಸರು ಚಿಟ್ಟೆ.

"ಅಜ್ಜಿ ಅಲ್ಲ. ಅತ್ತೆ," ಎಂದಳು ಅವಳು. ಸಿಕ್ಕಿಬಿದ್ದ ಮೇಲೆ ಮುಸುಕು ಯಾಕೆ?

"ಯಾರ ಜೊತೆ ಮಾತಾಡ್ತಿದ್ದೀರಿ?" ಎಂದು ಅಳಿಯ ಮುಂದೆ ಬಂದ.

"ನಿಮ್ಮ ಡಿಪೋ ಜೊತೆ. ಮೈಕು ತೆರೆದೇ ಇದೆ."

ಅಳಿಯನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಅವನಿಗೆ ಕೇಳುತ್ತಿದ್ದದ್ದು ಅತ್ತೆಯ ಮಾತು ಮಾತ್ರ. ಆ ಕಡೆಯ ಮಾತೆಲ್ಲ ಅವಳ ಕಿವಿಯೊಳಗೆ.

"ಹಾಗಾದ್ರೆ ಮೆಡಿಕ್ಕು ನೀವಾ ಅಮ್ಮ? ಇಷ್ಟು ದಿನಾನೂ?" ಎಂದ ಡಿಪೋ.

"ಇಷ್ಟು ದಿನಾನೂ."

"ಅಯ್ಯೋ ದೇವರೇ," ಎಂದಳು ಚಿಟ್ಟೆ. "ನಾನು ನಿಮ್ಮನ್ನ ಎಷ್ಟು ಬೈದಿದ್ದೀನಿ!"

"ಬೈದಿದ್ದು ನನ್ನನ್ನಲ್ಲ ಬಿಡಮ್ಮ. ನಿನ್ನ ಬೈಗುಳ ಎಲ್ಲ ಅಳಿಯಂದ್ರ ಲೆಕ್ಕಕ್ಕೆ."

ಡಿಪೋ ದನಿ ತಗ್ಗಿಸಿದ. "ಬನ್ನುಗೆ ಕೇಳ್ಸುತ್ತಾ ನಾನು ಹೇಳೋದು?"

"ಇಲ್ಲ."

"ಹಾಗಾದ್ರೆ ಇದ್ದದ್ದು ಇದ್ದಂಗೆ ಹೇಳ್ತೀನಮ್ಮ, ತಪ್ಪು ತಿಳ್ಕೋಬೇಡಿ. ಅವನು ಒಳ್ಳೆಯವನು. ಆದ್ರೆ ಅವನು ಗನ್ ಹಿಡಿದಾಗೆಲ್ಲ ನಾವು ಸೋತಿರೋದು, ಮೆಡಿಕ್ ಆದಾಗೆಲ್ಲ ಗೆದ್ದಿರೋದು. ಮೆಡಿಕ್ ಒಳ್ಳೆಯವನು ಅಂತ ಅವನ ಗನ್ನು ಸಹಿಸ್ಕೊಂಡಿದ್ವಿ. ಈಗ ನೋಡಿದ್ರೆ ಮೆಡಿಕ್ಕು ನೀವು. ಶನಿವಾರ ನೀವು ಆಡಿ. ಆಮೇಲೂ ನೀವೇ ಆಡಿ, ನಿಮ್ಮ ಮನೆಯಿಂದಾನೇ ಆಡಿ. ಅವನು ಕೈ ನೋಡ್ಕೊಳ್ಳಲಿ. ನೀವೇ ಮೆತ್ತಗೆ ಹೇಳಿದ್ರೆ ಅವನಿಗೆ ನೋವಾಗಲ್ಲ."

ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಮುಖದಲ್ಲಿ ಅಷ್ಟೂ ಓದಿಕೊಳ್ಳುತ್ತಾನೆ. ಆದರೆ ಮುಖ ತಿರುಗಿಸದೆ ಕೂತದ್ದನ್ನೂ ಓದುವವರು ಓದಿಯೇ ಓದುತ್ತಾರೆ.

"ನಮ್ಮನೇಲಿ ಇರೋದು ಹೊಲಿಗೆ ಮಷೀನಪ್ಪ," ಎಂದಳು. "ಅದರಲ್ಲಿ ಇದು ಬರಲ್ಲ." ಆಮೇಲೆ ಸೇರಿಸಿದಳು: "ಒಬ್ಬರ ಕೈ ಕೆಲಸ ಮಾಡಲ್ಲ ಅಂತ ಅವರಿಗೆ ಕೈಯಾಗೋಕೆ ಬಂದವಳು ನಾನು. ಅವರ ಜಾಗ ಕಿತ್ಕೊಂಡು ಹೋಗು ಅಂದ್ರೆ ಹೆಂಗೆ? ನೀನೂ ಯಾರ ಮನೆ ಅಳಿಯನೋ ಏನೋ. ನಿಮ್ಮತ್ತೆ ಹಿಂಗೆ ಮಾಡಿದ್ರೆ ನಿಂಗೆ ಹೆಂಗಿರುತ್ತೆ?"

"ನಮ್ಮತ್ತೆ ನನ್ನ ಜೊತೆ ಮಾತೇ ಆಡಲ್ಲ," ಎಂದ ಡಿಪೋ ಸಣ್ಣಗೆ.

"ಅವರು ಜಾಣೆ."

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ವಯರನ್ನೇ ಕಿತ್ತಳು. ಆಟ ಅರ್ಧಕ್ಕೆ ನಿಂತಿತು. ಅಳಿಯ ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. ಕೆಳಗೆ ರಸ್ತೆಯಲ್ಲಿ ಯಾರೋ ಕೆಟ್ಟ ಸ್ಕೂಟರನ್ನು ತಳ್ಳಿಕೊಂಡು ಹೋಗುತ್ತಿದ್ದರು.

"ನನ್ನ ಬಿಟ್ಟು ನಿಮ್ಮನ್ನ ಕೇಳಿದ್ರು, ಅಲ್ವಾ?"

ಸುಳ್ಳು ಹೇಳಬಹುದಿತ್ತು. ದಣಿದವರಿಗೆ ಸುಳ್ಳು ಕಟ್ಟುವಷ್ಟು ಕಸುವಿರುವುದಿಲ್ಲ. "ಹೂಂ," ಎಂದಳು.

"ಆಡಿ ಅತ್ತೆ. ತಪ್ಪೇನಿದೆ? ನಿಮಗೆ ಬರುತ್ತೆ, ನನಗೆ ಬರಲ್ಲ."

"ನನಗೆ ಬೇಡ ಅಂತ ಈಗಷ್ಟೇ ಹೇಳ್ದೆನಲ್ಲ! ಭಾನುವಾರ ಹೋಗ್ತೀನಿ ಅಂದೆ, ಅದು ನಿಮ್ಮ ಕಿವಿಗೇ ಬೀಳ್ಲಿಲ್ವಾ? ಊರಿಗೆಲ್ಲ ಕೇಳಿಸ್ತು, ನಿಮಗೆ ಕೇಳ್ಲಿಲ್ಲ!" ಅವಳ ದನಿ ಏರಿತು. ಅಳಿಯನ ಮೇಲೆ ಅವಳು ದನಿ ಏರಿಸಿದ್ದು ಅದೇ ಮೊದಲು. ತನಗೇ ಕೇಳಲಾಗದೆ ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು. ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ಅತ್ತೆಗೇ ಕೋಪ ಬಂದರೆ ಪಾತ್ರೆಯೇ ಗತಿ.

ಸ್ವಲ್ಪ ಹೊತ್ತಿಗೆ ಬಿಸಿನೀರಿನ ಬೋಗುಣಿ ತಂದು ಅವನ ಮುಂದಿಟ್ಟಳು. ಅವನು ಕೈ ಅದ್ದಿದ. ಅವಳು ಆ ಎರಡು ಬೆರಳನ್ನು ಒಂದೊಂದಾಗಿ ಎಳೆದು ಬಿಡುತ್ತ ಕೂತಳು.

"ಒಂದು ಕೇಳ್ಲಾ?" ಎಂದಳು. "ಗನ್ನೇ ಯಾಕೆ? ಆ ಮೆಡಿಕ್ ಕೆಲಸಕ್ಕೆ ಎಷ್ಟು ಕೀ ಬೇಕು? ನಡೆಯೋದು, ನಿಲ್ಲೋದು, ಬೆಳಕು ಬಿಡೋದು. ನಿಮ್ಮ ಹೆಬ್ಬೆರಳಿಗೆ, ಕಿರುಬೆರಳಿಗೆ ಸಾಕು. ಮಣಿಕಟ್ಟಿಗೆ ಭಾರಾನೇ ಇಲ್ಲ."

"ಎಲ್ಲರ ಹಿಂದೆ ಹಿಂದೆ ಓಡಾಡೋದು ಅತ್ತೆ ಅದು."

"ಇಷ್ಟು ದಿನ ನಾನು ಮಾಡಿದ್ದು ಏನು ಹಾಗಾದ್ರೆ?"

ಅವನು ತಲೆ ಎತ್ತಲಿಲ್ಲ. ಬೋಗುಣಿಯ ನೀರು ಆರಿದ ಮೇಲೆ ಕೈ ಒರೆಸಿಕೊಂಡ. ಆಮೇಲೆ, "ತಮ್ಮನಿಗೆ ಫೋನ್ ಮಾಡ್ತೀನಿ," ಎಂದ.

ತಮ್ಮ ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಬಂದ. ಮೆಡಿಕ್ ಆದರೂ ಅಣ್ಣನ ಕೈಗೇ ಹೊಂದುವ ಹಾಗೆ ಹೊಸ ಫೈಲು ಬರೆದ. ಈ ಸಲ ಯಾವುದನ್ನೂ ಹೇಳದೆ ಬಿಡಲಿಲ್ಲ. ಕೂರುವುದು, ಏಳುವುದು, ಮೈಕು, ಎಲ್ಲ ಬರೆದ. "ಅತ್ತೆದನ್ನ ಅಳಿಸಲ್ಲ," ಎಂದ. "ಮೇಲಿನ ಸಾಲಿನ ಕೊನೇ ಕೀ ಒತ್ತಿದ್ರೆ ಅತ್ತೆ ಕೀಗಳು ವಾಪಸ್ ಬರುತ್ತೆ. ಕಷ್ಟಕ್ಕಿರ್ಲಿ."

ಆ ಸಂಜೆ ಅಭ್ಯಾಸಕ್ಕೆ ಮೈಕನ್ನು ಬಂದ್ ಇಟ್ಟು, ಅವಳು ಕುರ್ಚಿಯ ಹಿಂದೆ ನಿಂತು ಹೇಳಿಕೊಟ್ಟಳು. ಅವನು ಗನ್ನರ್ ಅಭ್ಯಾಸದಲ್ಲಿ ಸದ್ದು ಬಂದ ಕಡೆಗೆಲ್ಲ ತಿರುಗುತ್ತಿದ್ದ.

"ಆ ಕಡೆ ಏನು ನೋಡ್ತೀರಿ? ಹೊಡೆಯೋರು ಹೊಡೀಲಿ. ನೀವು ಡಿಪೋ ಬೆನ್ನು ನೋಡಿ. ಅವನ ಬೆನ್ನು ಯಾವ ಕಡೆ ವಾಲುತ್ತೋ ಆ ಕಡೆ ಹೋಗ್ತಾನೆ ಅವನು."

"ಬೆನ್ನು ನೋಡಿ ಹೆಂಗೆ ಗೊತ್ತಾಗುತ್ತೆ ಅತ್ತೆ?"

"ಮೂವತ್ತು ವರ್ಷ ಮುಂದಿನ ಸಾಲಿನವರ ಬೆನ್ನು ನೋಡ್ಕೊಂಡೇ ಹೊಲಿದಿದ್ದೀನಿ. ಎದ್ದು ಹೋಗ್ತಾರೋ ಅಳ್ತಿದ್ದಾರೋ ಎಲ್ಲ ಗೊತ್ತಾಗುತ್ತೆ. ನಡೀರಿ, ನಡೀರಿ, ದಾರ ಕಡೀತು ನೋಡಿ."

ದಾರ ಮತ್ತೆ ಮತ್ತೆ ಕಡಿಯಿತು. ಡಿಪೋ ಮತ್ತೆ ಮತ್ತೆ ಸತ್ತ. ಅಳಿಯನ ಬೆನ್ನು ಬೆವರಿ ಶರ್ಟು ಅಂಟಿಕೊಂಡಿತು. ಆದರೆ ಎಂದಿನಂತೆ ನಡುವೆ ಎದ್ದು ಕುರ್ಚಿ ಬಿಟ್ಟುಕೊಡಲಿಲ್ಲ. ಕೊನೆಗೆ ಅವನ ಮಣಿಕಟ್ಟು ನೋಯಲೇ ಇಲ್ಲ ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು.

ಶನಿವಾರ ಮಧ್ಯಾಹ್ನ ಮಗಳು ಕೆಲಸಕ್ಕೆ ಹೊರಟಾಗ, "ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಾನು ಬಿಡ್ತೀನಿ, ಒಬ್ಬಳೇ ಹೋಗ್ಬೇಡ," ಎಂದಳು. ಅತ್ತೆ ಅರ್ಧ ಚೀಲ ತುಂಬಿದಳು. ಇನ್ನರ್ಧ ಬಟ್ಟೆ ಒಗೆದು ಹೊರಗೆ ಹಗ್ಗದ ಮೇಲೆ ಹಾಕಿದ್ದಳು.

ಇಳಿಹೊತ್ತಿಗೆ ಆಟ ಶುರುವಾಯಿತು. ಅಳಿಯ ಕ್ಷೌರ ಮಾಡಿಕೊಂಡು ಕೂತಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ಒಂದು ತಟ್ಟೆ ಒರೆಸುತ್ತ ನಿಂತಳು. ಲೀಗಿನ ಆಟದಲ್ಲಿ ಮೈಕು ತೆರೆದಿರುತ್ತದಾದ್ದರಿಂದ ಇವತ್ತು ಅವಳು ಮಾತಾಡುವ ಹಾಗಿರಲಿಲ್ಲ. ಮೊದಲ ಸುತ್ತು ಹೇಗೋ ಗೆದ್ದರು. ಎರಡನೆಯದು ಸೋತರು. ಮೂರನೆಯದರಲ್ಲಿ ಡಿಪೋ ಬೆನ್ನು ಬಲಕ್ಕೆ ವಾಲಿದ್ದನ್ನು ಅಲ್ಲಿಂದಲೇ ಕಂಡಳು. ಅಳಿಯ ಕಾಣಲಿಲ್ಲ. ಅವಳ ಬೆರಳುಗಳು ತಟ್ಟೆಯ ಅಂಚಿನಲ್ಲಿ ತಾವೇ ಅಲ್ಲಾಡಿದವು. ಡಿಪೋ ಬಿದ್ದ, ಚಿಟ್ಟೆ ಬಿದ್ದಳು, ಅಳಿಯನೂ ಬಿದ್ದ.

ಪರದೆ ಮಂಕಾಯಿತು. ಮತ್ತೆ ಎದ್ದು ಬರುವ ಹೊತ್ತಿಗಾಗಿ ಎಲ್ಲರೂ ಕಾಯುತ್ತಿದ್ದರು. ಆ ಕಡೆಯಿಂದ ಏನು ಹೇಳುತ್ತಿದ್ದಾರೆಂದು ಅವಳಿಗೆ ಕೇಳುತ್ತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅಳಿಯನ ಕಿವಿ ಕೆಂಪಾಗುತ್ತ ಹೋಯಿತು. ಅವನ ಬಲಗೈ ಮೌಸ್ ಬಿಟ್ಟು ಮೇಲಿನ ಸಾಲಿನ ಕೊನೆಯ ಕೀ ಹತ್ತಿರ ಹೋಗಿ ನಿಂತಿತು. ಅವಳು ತಟ್ಟೆಯನ್ನು ಒಂದು ಕೈಗೆ ಬದಲಿಸಿಕೊಂಡಳು. ಮೊಣಕಾಲು ಬೇಡವೆನ್ನುತ್ತಿದ್ದರೂ ಕಾಲು ಮುಂದಕ್ಕೆ ಬಂದೇಬಿಟ್ಟಿತ್ತು.

"ಅತ್ತೆ ಇಲ್ಲ," ಎಂದ ಅಳಿಯ.

ಅವಳು ನಿಂತಲ್ಲೇ ನಿಂತಳು.

"ಇಲ್ಲ ಮಾರಾಯ, ಹೋದ್ರು. ಮಧ್ಯಾಹ್ನಾನೇ ಹೋದ್ರು... ಅವರಿಗೂ ಅವರ ಕೆಲಸ ಇರಲ್ವೇನೋ?... ನಾನಿದ್ದೀನಲ್ಲ. ನಿನ್ನ ಹಿಂದೇನೇ ಇರ್ತೀನಿ, ನಡಿ ನೀನು." ಬಲಗೈ ಮೌಸಿಗೆ ಮರಳಿತು. ಅವನು ತಿರುಗಿ ನೋಡಲಿಲ್ಲ. ಅವಳು ಹಿಂದೆ ನಿಂತಿರುವುದು ಅವನಿಗೆ ಗೊತ್ತಿತ್ತು. ಬಾಗಿಲಲ್ಲಿದ್ದ ಅವಳ ನೆರಳು ಪರದೆಯ ಮೂಲೆಯಲ್ಲಿ ಬೀಳುತ್ತಿತ್ತು.

ಅವಳು ತಟ್ಟೆಯನ್ನು ಸದ್ದಾಗದ ಹಾಗೆ ಕಟ್ಟೆಯ ಮೇಲಿಟ್ಟಳು. ಒಲೆ ಆರಿದೆಯೇ ನೋಡಿದಳು. ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು. ನಾಳೆಯ ತನಕ ಕಾಯದೆ ಈಗಲೇ ಹೊರಟು, ಮಗಳಿಗೆ ಬಸ್ಸಿನಿಂದ ಫೋನ್ ಮಾಡಿ ಬೈಸಿಕೊಂಡರಾಯಿತು. ಹಗ್ಗದ ಮೇಲಿನ ಬಟ್ಟೆ ಇನ್ನೂ ಹಸಿಯಾಗಿತ್ತು, ಅಲ್ಲೇ ಬಿಟ್ಟಳು. ಅರ್ಧ ತುಂಬಿದ ಚೀಲ 'ಎತ್ತು' ಎನ್ನುವಷ್ಟು ಹಗುರವಾಗಿತ್ತು.

ಬಾಗಿಲ ಹತ್ತಿರ ಒಂದು ಗಳಿಗೆ ನಿಂತಳು. ಹೋಗಿ ಬರ್ತೀನಿ ಎನ್ನದೆ ಯಾರ ಮನೆಯಿಂದಲೂ ಹೊರಟವಳಲ್ಲ. ಹೇಳಿದರೆ ಮೈಕಿನಲ್ಲಿ ನಾಲ್ಕು ಮನೆಗೆ ಕೇಳುತ್ತದೆ, ಅವನ ಮಾತು ಸುಳ್ಳಾಗುತ್ತದೆ. ಅಳಿಯ ಎಡಗೈಯನ್ನು ಕೀಬೋರ್ಡಿನಿಂದ ಎತ್ತಿ, ಆ ಮಡಚದ ಎರಡು ಬೆರಳನ್ನು ಗಾಳಿಯಲ್ಲಿ ಒಮ್ಮೆ ಅಲ್ಲಾಡಿಸಿ, ತಕ್ಷಣ ಮತ್ತೆ ಕೀಗಳ ಮೇಲಿಟ್ಟ. ಡಿಪೋ ಆಗಲೇ ಓಡತೊಡಗಿದ್ದ.

ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಕೆಳಗೆ ಬಂದು ಮೆಟ್ಟಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಬಂದಾಗ ಅವಳ ಕಣ್ಣು ಅರ್ಧ ಮುಚ್ಚಿತ್ತು.

"ಕೊನೇ ಸ್ಟಾಪು. ಬಂದಾಗ ಎಬ್ಬಿಸಪ್ಪ."

"ಕೊನೇ ಸ್ಟಾಪಲ್ಲಿ ಬಸ್ಸೇ ನಿಲ್ಲುತ್ತಮ್ಮ, ನಾನ್ಯಾಕೆ ಎಬ್ಬಿಸ್ಲಿ?"

"ನಿಂತ್ರೆ ನನಗೆ ಗೊತ್ತಾಗಲ್ಲ. ಎಬ್ಬಿಸು," ಎಂದು ಚೀಲವನ್ನು ಮಡಿಲಿಗೆಳೆದುಕೊಂಡು ನಿದ್ದೆಹೋದಳು.